ಮಂಡ್ಯದಿಂದ ಒಬ್ಬನೇ ಬೈಕಿನಲ್ಲಿ ಕರಾವಳಿ, ವಾಪಸ್ ಮಲೆನಾಡು: ಆರು ದಿನ ಸಾಕಾ?

ಸಕ್ಕರೆನಾಡು_150:

ಎಲ್ಲರಿಗೂ ನಮಸ್ಕಾರ. ಮಂಡ್ಯದವನು, ವಯಸ್ಸು 34. ಎಂಟು ವರ್ಷ ಹಳೆಯ 150 ಸಿಸಿ ಬೈಕಿದೆ, ಮುಂದೆ ಡಿಸ್ಕ್, ಹಿಂದೆ ಡ್ರಮ್. ಇಲ್ಲಿವರೆಗೆ ಅದರಲ್ಲಿ ಹೋಗಿರುವುದು ಅಂದರೆ ಮೇಲುಕೋಟೆ, ಶಿವನಸಮುದ್ರ, ಒಂದು ಸಲ ಮಲೆ ಮಹದೇಶ್ವರ ಬೆಟ್ಟ, ಒಂದು ಸಲ ಮಡಿಕೇರಿ. ಮಡಿಕೇರಿಗೆ ಹೋದಾಗಲೂ ಹಿಂದೆ ಸ್ನೇಹಿತ ಕೂತಿದ್ದ, ದಾರಿ ಉದ್ದಕ್ಕೂ ಅವನದೇ ಮಾತು, ನಾನು ಏನು ನೋಡಿದೆ ಅಂತ ಕೇಳಿದರೆ ನೆನಪಿಲ್ಲ.

ವಿಜಯದಶಮಿ ಮುಗಿದ ಮೇಲೆ ಆರು ದಿನ ರಜ ಸಿಕ್ಕಿದೆ. ನಾಲ್ಕು ಜನ ಹೋಗುವುದು ಅಂತ ಮಾತಾಗಿತ್ತು. ಒಬ್ಬನ ಮಗುವಿಗೆ ಹುಷಾರಿಲ್ಲ, ಇನ್ನೊಬ್ಬನಿಗೆ ಕಬ್ಬು ಕಡಿಯುವ ಆಳು ಆಗಲೇ ಸಿಕ್ಕಿದ್ದಾರೆ, ಮೂರನೆಯವನು ಕಾರಣ ಹೇಳುವ ಕಷ್ಟವನ್ನೂ ತಗೊಳ್ಳಲಿಲ್ಲ, ಫೋನೇ ಎತ್ತುತ್ತಿಲ್ಲ. ಹೀಗಾಗಿ ಒಬ್ಬನೇ ಹೋಗಿಬಿಡೋಣ ಅಂತ ತೀರ್ಮಾನ ಮಾಡಿದ್ದೇನೆ. ಹೆಂಡತಿ "ಹೋಗಿ, ರಾತ್ರಿ ಫೋನ್ ಮಾಡಿ" ಅಂದಳು. ಅಮ್ಮ ಮಾತ್ರ ಎರಡು ದಿನದಿಂದ ಮುಖ ದಪ್ಪ ಮಾಡಿಕೊಂಡಿದ್ದಾರೆ. "ಸಮುದ್ರ ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷ ನಾಲ್ಕು ಜನದ ಜೊತೆ ಹೋಗು" ಅನ್ನುತ್ತಾರೆ.

ನಾನು ಬರೆದುಕೊಂಡಿರುವ ಪ್ಲಾನ್ ಹೀಗಿದೆ. ಮೊದಲ ದಿನ ಮಂಡ್ಯ, ಹುಣಸೂರು, ಮಡಿಕೇರಿ ಮೇಲೆ ಸೀದಾ ಮಂಗಳೂರು. ಎರಡನೇ ದಿನ ಮುರ್ಡೇಶ್ವರ. ಮೂರನೇ ದಿನ ಗೋಕರ್ಣ ನೋಡಿಕೊಂಡು ಕಾರವಾರ. ನಾಲ್ಕನೇ ದಿನ ಶಿರಸಿ ಮೇಲೆ ಜೋಗ. ಐದಕ್ಕೆ ಚಿಕ್ಕಮಗಳೂರು, ಆರಕ್ಕೆ ಮನೆ. ಒಟ್ಟು 1,150 ಕಿ.ಮೀ. ಹತ್ತಿರ ಬರುತ್ತದೆ.

ಕೇಳಬೇಕಾಗಿರುವುದು ಇಷ್ಟು. ಮೊದಲ ಸಲ ಒಬ್ಬನೇ ಹೋಗುವವನಿಗೆ ಇದು ಜಾಸ್ತಿ ಆಯಿತಾ? ಸಮುದ್ರಕ್ಕೆ ಇಳಿಯಲು ಸಂಪಾಜೆ ಘಾಟಿ ಒಳ್ಳೆಯದಾ, ಶಿರಾಡಿಯಾ? 150 ಸಿಸಿ ಗಾಡಿ ಘಾಟಿ ಹತ್ತುತ್ತಾ? ಇನ್ನೊಂದು, ನಗಬೇಡಿ, ಒಬ್ಬನೇ ಆರು ದಿನ ಇದ್ದರೆ ಬೇಜಾರಾಗಲ್ವಾ?

ರೋಡ್‌ಕಿಂಗ್_ಮೈಸೂರು:

ತಮ್ಮಾ, ಗಾಡಿ ಚಿಂತೆ ಬಿಡು. ನನ್ನದು ಯೆಜ್ಡಿ ರೋಡ್‌ಕಿಂಗ್, ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. ಆ ಕಾರ್ಖಾನೆ 1961ರಲ್ಲಿ ಜಾವಾ ಮಾಡಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಬಾಗಿಲು ಹಾಕಿ ಇಷ್ಟು ವರ್ಷವಾದರೂ ಅಲ್ಲಿಂದ ಬಂದ ಗಾಡಿ ನನ್ನನ್ನು ಇನ್ನೂ ಘಾಟಿ ಹತ್ತಿಸುತ್ತಿದೆ. ನಿನ್ನ 150ಕ್ಕೆ ಏನಾಗಬೇಕು?

ಆದರೆ ಪ್ಲಾನ್ ಸರಿಯಿಲ್ಲ. ಇದು ನೋಡಲು ಹೋಗುವವನ ಪ್ಲಾನ್ ಅಲ್ಲ, ಕೊರಿಯರ್ ಕೊಡಲು ಹೋಗುವವನದು. ಮೊದಲ ದಿನವೇ ಮಂಡ್ಯದಿಂದ ಮಂಗಳೂರಿಗೆ 300 ಕಿ.ಮೀ. ಆಗುತ್ತದೆ. ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಅದು ನಿನಗೇ ಗೊತ್ತು, ಮೈಸೂರಿನವರೆಗೆ ಸರ್ವಿಸ್ ರೋಡೇ ಗತಿ. ಶ್ರೀರಂಗಪಟ್ಟಣದಲ್ಲಿ ಕೆಆರ್‌ಎಸ್ ಕಡೆ ತಿರುಗಿ ಇಲವಾಲಕ್ಕೆ ಬಂದು ಹುಣಸೂರು ರೋಡ್ ಹಿಡಿದರೆ ಊರೊಳಗಿನ ಸಿಗ್ನಲ್ ತಪ್ಪುತ್ತದೆ. ದಸರಾ ದೀಪ ನೋಡಲು ಬಂದ ಜನ ಇನ್ನೂ ಇರುತ್ತಾರೆ, ಆ ಕಡೆ ಬರಲೇಬೇಡ. ಮೊದಲ ದಿನ ಸುಳ್ಯ ಇಲ್ಲ ಪುತ್ತೂರಿನಲ್ಲಿ ಮಲಗು. ಮಾರನೇ ದಿನ ಬೆಳಿಗ್ಗೆ ಹೊಸ ಮೈಯಲ್ಲಿ ಸಮುದ್ರ ನೋಡು.

ಘಾಟಿ ವಿಷಯ. ಸಂಪಾಜೆಯಲ್ಲೇ ಇಳಿ. ಶಿರಾಡಿಯಲ್ಲಿ ಮಂಗಳೂರು ಬಂದರಿನ ಕಂಟೇನರ್, ಟ್ಯಾಂಕರ್ ಎಲ್ಲ ಬರುತ್ತವೆ, ಒಬ್ಬನೇ ಇರುವವನಿಗೆ ಅವುಗಳ ಹಿಂದೆ ಹೊಗೆ ಕುಡಿಯುವುದೇ ಕೆಲಸ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಸುಳ್ಯ ಹೆಚ್ಚುಕಡಿಮೆ ಕೆಳಗಿನ ನೆಲ. ಮೇಲೆ ಜಾಕೆಟ್ ಒಳಗೂ ನಡುಕ, ಸುಳ್ಯ ಬರುವಷ್ಟರಲ್ಲಿ ಅದೇ ಜಾಕೆಟ್ ಬಿಚ್ಚಿ ಸೀಟಿಗೆ ಕಟ್ಟುತ್ತೀಯ. ಜೋಡುಪಾಲದ ಹತ್ತಿರ ಸ್ವಲ್ಪ ನಿಲ್ಲಿಸಿ ಗುಡ್ಡ ನೋಡು. 2018ರ ಆಗಸ್ಟ್‌ನಲ್ಲಿ ಕುಸಿದದ್ದು ಅಲ್ಲೇ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ನಮ್ಮಲ್ಲಿ ಎಡಗಡೆ ಓಡಿಸುವುದು ಅಲ್ವಾ? ಮಂಗಳೂರಿನಿಂದ ಉತ್ತರಕ್ಕೆ ಹೋದರೆ ಸಮುದ್ರ ನಿನ್ನ ಎಡಕ್ಕೇ ಇರುತ್ತದೆ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು, ರಸ್ತೆ ದಾಟಬೇಕಾಗಿಲ್ಲ. ಮೇಲಿಂದ ಕೆಳಕ್ಕೆ ಬರುವವರು ನಡುವೆ ಡಿವೈಡರ್ ಇಟ್ಟುಕೊಂಡು ಆಚೆಯಿಂದ ನೋಡಬೇಕು. ಅದಕ್ಕೇ ಕರಾವಳಿಯಲ್ಲಿ ಹೋಗು, ಮಲೆನಾಡಲ್ಲಿ ಬಾ. ಆ ಒಂದು ವಿಷಯದಲ್ಲಿ ನಿನ್ನ ಪ್ಲಾನ್ ಸರಿಯಾಗಿದೆ. ಬೆಳಿಗ್ಗೆ ಮಂಡ್ಯದಿಂದ ಪಶ್ಚಿಮಕ್ಕೆ ಹೊರಟರೆ ಸೂರ್ಯ ಬೆನ್ನ ಹಿಂದೆ, ಕೊನೆಯ ದಿನ ಸಂಜೆ ಹಾಸನದಿಂದ ಬರುವಾಗಲೂ ಬೆನ್ನ ಹಿಂದೆ. ಹಳೇ ಕಣ್ಣಿನವರಿಗೆ ಇದು ದೊಡ್ಡ ವಿಷಯ.

ಕಾರವಾರ ಬಿಡು. ಹೊನ್ನಾವರದಲ್ಲೇ ಬಲಕ್ಕೆ ತಿರುಗಿ ಗೇರುಸೊಪ್ಪೆ ಘಾಟಿ ಹತ್ತು. ಬಲಕ್ಕೆ ಕೆಳಗೆ ಶರಾವತಿ ಕಣಿವೆ, ಮರದ ಮೇಲೆ ಅದೃಷ್ಟ ಇದ್ದರೆ ಸಿಂಗಳೀಕ. 60 ಕಿ.ಮೀ. ಒಳಗೆ ಜೋಗ ಬರುತ್ತದೆ. ಉಳಿದ ಒಂದು ದಿನವನ್ನು ಸುಮ್ನೆ ಕೂರಲು ಇಟ್ಟುಕೋ.

ಬೇಜಾರು ಆಗುತ್ತಾ ಅಂದೆಯಲ್ಲ. ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಆಗುತ್ತದೆ, ಎದುರಿನ ಕುರ್ಚಿ ಖಾಲಿ ಇರುತ್ತದೆ ನೋಡು, ಆಗ. ಅದು ದಾಟಿದರೆ ಮತ್ತೆ ಬರುವುದಿಲ್ಲ.

ಕುಂದಾಪುರ_ಟು_ವಿಜಯನಗರ:

ಯೆಜ್ಡಿ ಸರ್ ಹೇಳಿದ್ದು ಸರಿ, ಆದರೆ ಅರ್ಧ. ನಾನು ಹುಟ್ಟಿದ್ದು ಕುಂದಾಪುರ, ಮೈಸೂರಿಗೆ ಬಂದು ಹದಿನೈದು ವರ್ಷ. ವರ್ಷಕ್ಕೆ ನಾಲ್ಕು ಸಲ ಬೈಕಲ್ಲೇ ಊರಿಗೆ ಹೋಗುತ್ತೇನೆ. ಹೆದ್ದಾರಿ 66ರಲ್ಲಿ ಸೀದಾ ಹೋದರೆ ಸಮುದ್ರ ಕಾಣುವುದೇ ಅಪರೂಪ ಮಾರಾಯ್ರೆ. ಎಲ್ಲರೂ ಫೋಟೋ ನೋಡಿಕೊಂಡು ಬರುತ್ತಾರೆ, ಇಲ್ಲಿ ನೋಡಿದರೆ ಫ್ಲೈಓವರು, ಬಾರು, ಬಟ್ಟೆ ಅಂಗಡಿ. ನಿಜವಾಗಿ ರಸ್ತೆ ಪಕ್ಕದಲ್ಲೇ ಸಮುದ್ರ ಸಿಗುವುದು ಮರವಂತೆಯಲ್ಲಿ. ಉಳಿದ ಕಡೆ ಹೆದ್ದಾರಿ ಬಿಟ್ಟು ಎಡಕ್ಕೆ ಒಳಗೆ ನುಗ್ಗಬೇಕು.

ಎಲ್ಲಿ ನುಗ್ಗಬೇಕು ಅಂದರೆ, ಕಾಪುವಿನಲ್ಲಿ. 1901ರ ದೀಪಸ್ತಂಭ ನೋಡಿ ಮತ್ತೆ ಹೆದ್ದಾರಿಗೆ ಬರಬೇಡಿ, ಸಮುದ್ರದ ದಂಡೆಯಲ್ಲೇ ಮಟ್ಟು ಕಡೆ ಸಣ್ಣ ರಸ್ತೆ ಇದೆ. ಒಂದು ಕಡೆ ಅಲೆ, ಇನ್ನೊಂದು ಕಡೆ ಹೊಳೆ, ತೆಂಗು. ಮಟ್ಟು ಗುಳ್ಳ ಬದನೆ ಬೆಳೆಯುವ ಊರು ಇದೇ. ಹಾಗೇ ಮಲ್ಪೆಗೆ ಹೋಗಬಹುದು. ಮಲ್ಪೆ ದಾಟಿ ಕೆಮ್ಮಣ್ಣು, ಹೂಡೆ ಮೇಲೆ ಕೋಡಿ ಬೆಂಗ್ರೆಗೆ ಹೋಗಿ. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಒಂದು ಪಟ್ಟಿ ನೆಲ, ಅದರ ಮೇಲೆ ಮನೆ, ಒಣಗಲು ಹಾಕಿದ ಬಲೆ, ಕೊನೆಗೆ ರಸ್ತೆಯೇ ಮುಗಿದು ಹೋಗುತ್ತದೆ. ನನ್ನ ಲೆಕ್ಕದಲ್ಲಿ ಮರವಂತೆಗಿಂತ ಇದೇ ಮೇಲು. ನಮ್ಮೂರಿನವರಿಗೆ ಹೇಳಬೇಡಿ.

ಮರವಂತೆಯಲ್ಲಿ ಒಂದು ವಿಷಯ ಗಮನಿಸಿ. ಬಲಗಡೆ ಇರುವ ಸೌಪರ್ಣಿಕೆ ಸಮುದ್ರದ ಇಷ್ಟು ಹತ್ತಿರ ಬಂದೂ ಅಲ್ಲಿ ಸೇರುವುದಿಲ್ಲ. ಮುಖ ತಿರುಗಿಸಿಕೊಂಡು ದಕ್ಷಿಣಕ್ಕೆ ಹೋಗಿ ಗಂಗೊಳ್ಳಿಯಲ್ಲಿ ಸೇರುತ್ತದೆ. ನಡುವೆ ಇರುವುದು ರಸ್ತೆ ಅಗಲದ ನೆಲ ಅಷ್ಟೇ. ನೀರಿಗೆ ಇಳಿಯಬೇಡಿ. ಅಲೆ ತಡೆಯಲು ಬಂಡೆ ಹಾಕಿದ್ದಾರೆ ಅಂದರೆ ಅಲ್ಲಿಯ ಸಮುದ್ರದ ಗುಣ ಅರ್ಥವಾಗಬೇಕು. ಬೈಂದೂರು ಹತ್ತಿರ ಒತ್ತಿನೆಣೆ ಗುಡ್ಡ ಇದೆ, ಸಂಜೆ ಅಲ್ಲಿಗೆ ಹೋಗಿ.

ಈಗ ಅಪಾಯದ ಮಾತು. ಕರಾವಳಿಯಲ್ಲಿ ಬೈಕಿನವನ ಶತ್ರು ಮಳೆ ಅಲ್ಲ, ಮೀನು ಲಾರಿ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗಸ್ಟ್‌ನಿಂದ ಮತ್ತೆ ಶುರು. ನೀವು ಹೋಗುವ ಹೊತ್ತಿಗೆ ಲಾರಿಗಳ ಓಟ ಜೋರಾಗಿರುತ್ತದೆ. ಹಿಂದಿನ ಬಾಗಿಲ ಸಂದಿನಿಂದ ಮಂಜುಗಡ್ಡೆ ಕರಗಿದ ನೀರು ಸೋರುತ್ತಾ ಇರುತ್ತದೆ, ಜೊತೆಗೆ ಮೀನಿನ ಲೋಳೆ. ತಿರುವಿನಲ್ಲಿ ಅದು ಬಿದ್ದಿದ್ದರೆ ಗಾಡಿ ಎಣ್ಣೆ ಮೇಲೆ ಹೋದಂತೆ ಜಾರುತ್ತದೆ. ಹಿಂದೆ ಹೋದರೆ ಹೆಲ್ಮೆಟ್ ಗಾಜಿನ ಮೇಲೂ ಎರಚುತ್ತದೆ, ಆಮೇಲೆ ಎರಡು ದಿನ ನಿಮ್ಮ ಹತ್ತಿರ ಬೆಕ್ಕು ಮಾತ್ರ ಬರುತ್ತದೆ. ಓವರ್‌ಟೇಕ್ ಮಾಡಿ, ಇಲ್ಲ ನಿಂತು ಒಂದು ಚಾ ಕುಡಿದು ಬಿಟ್ಟುಬಿಡಿ.

ಕಾರವಾರ ಬಿಡಿ ಅಂದಿದ್ದಕ್ಕೆ ನನ್ನದು ಅರೆಮನಸ್ಸು. ಹೋಗುವುದಾದರೆ ಕುಮಟಾದಿಂದ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ತದಡಿಗೆ ಬಾರ್ಜಿನಲ್ಲಿ ಬೈಕ್ ಹಾಕಿಕೊಂಡು ದಾಟಿ, ಆ ಕಡೆ ಗೋಕರ್ಣ. ಅಣೆಕಟ್ಟು ಕಾಣದ ಹೊಳೆ ಅದು. ಅಂಕೋಲಾ ಕಡೆ ಹೋದರೆ ಗುಡ್ಡ ಕಡಿದ ಜಾಗದ ಕೆಳಗೆ ಗಾಡಿ ನಿಲ್ಲಿಸಬೇಡಿ, ಫೋಟೋಗೂ ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಚಹಾದಂಗಡಿಯೇ ಮಣ್ಣಿನ ಜೊತೆ ಗಂಗಾವಳಿಗೆ ಹೋಯಿತು. ನಿಂತಿದ್ದ ಲಾರಿ, ಜನ, ಎಲ್ಲ.

ಊಟಕ್ಕೆ ಚಿಂತೆ ಬೇಡ. ಮುದ್ದೆ ಕೇಳಬೇಡಿ ಅಷ್ಟೇ. ಬೆಳಿಗ್ಗೆ ಬನ್ಸ್, ನೀರ್‌ದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು. ಬನ್ಸ್ ಅಂದರೆ ಬೇಕರಿಯ ಬನ್ ಅಲ್ಲ, ಬಾಳೆಹಣ್ಣು ಹಾಕಿ ಕರಿದ ಪೂರಿ.

ಒಂಟಿ_ಸ್ಕೂಟರ್:

150 ಸಿಸಿ ಸಾಕಾ ಅಂತ ಕೇಳಿದ್ದು ನೋಡಿ ನಗು ಬಂತು, ಕ್ಷಮಿಸಿ ಅಣ್ಣ. ನನ್ನದು 110 ಸಿಸಿ ಸ್ಕೂಟರ್. ಮೈಸೂರಿನ ಕುವೆಂಪುನಗರದಿಂದ ಉಡುಪಿಗೆ ಹೋಗಿ, ಹೆಬ್ರಿ, ಸೋಮೇಶ್ವರ ಮೇಲೆ ಆಗುಂಬೆ ಹತ್ತಿ, ಶೃಂಗೇರಿ, ಬಾಳೆಹೊನ್ನೂರು, ಚಿಕ್ಕಮಗಳೂರು, ಹಾಸನ, ಹೊಳೆನರಸೀಪುರ ಮಾಡಿ ಮನೆಗೆ ಬಂದೆ. ಆಗುಂಬೆಯ 14 ತಿರುವಿನಲ್ಲಿ ಸ್ಕೂಟರ್ ಎಲ್ಲೂ ನಿಲ್ಲಲಿಲ್ಲ, ಹಿಂದಿನ ಕಾರಿನವರ ತಾಳ್ಮೆ ಮಾತ್ರ ನಿಂತಿತು. ಬೇಕೆಂದೇ ಹತ್ತುವ ದಾರಿಯಾಗಿ ಅದನ್ನು ಇಟ್ಟುಕೊಂಡಿದ್ದೆ. ಸ್ಕೂಟರಿಗೆ ಗೇರಿಲ್ಲ, ಇಳಿಯುವಾಗ ಇಂಜಿನ್ ಹಿಡಿದುಕೊಳ್ಳುವುದು ಕಡಿಮೆ, ಪೂರ್ತಿ ಭಾರ ಬ್ರೇಕಿನ ಮೇಲೆ.

ನೀವು ಗಂಡಸರು ಯಾರೂ ಹೇಳದ ವಿಷಯ ಹೇಳುತ್ತೇನೆ. ಒಬ್ಬರೇ ಹೋದರೆ ಕಷ್ಟ ಇರುವುದು ರಸ್ತೆಯಲ್ಲಿ ಅಲ್ಲ, ಸಂಜೆ ಆರೂವರೆಗೆ ಲಾಡ್ಜ್ ಕೌಂಟರಿನಲ್ಲಿ. ಕರಾವಳಿಯ ಒಂದು ಊರಿನಲ್ಲಿ ಫೋನಲ್ಲಿ ರೂಮ್ ಇದೆ ಅಂದವರು ಎದುರು ಹೋಗಿ ನಿಂತಾಗ "ಸಿಂಗಲ್ಲಾ? ಹಾಗಾದರೆ ಇಲ್ಲ" ಅಂದರು. ಹೆಂಗಸಿಗೆ ಮಾತ್ರ ಹೀಗೆ ಅಂದುಕೊಂಡಿದ್ದೆ, ನನ್ನ ತಮ್ಮನಿಗೂ ಹಾಗೇ ಆಯಿತು. ಒಬ್ಬನೇ ಬಂದ ಗಂಡಸು ಅಂದರೆ ಅವರಿಗೆ ಏನೇನೋ ಅನುಮಾನ. ಅದಕ್ಕೆ ಫೋನ್ ಮಾಡುವಾಗಲೇ "ಒಬ್ಬನೇ ಬರುತ್ತಿದ್ದೇನೆ, ಬೈಕಲ್ಲಿ, ಆಧಾರ್ ಇದೆ" ಅಂತ ಮೂರೂ ಹೇಳಿಬಿಡಿ. ಬೆಳಕಿರುವಾಗಲೇ ಊರು ಸೇರಿ. ಮೊದಲನೆಯವರು ಇಲ್ಲ ಅಂದರೆ ಎರಡನೆಯದು ಹುಡುಕಲು ಹೊತ್ತು ಬೇಕಲ್ಲ.

ಊಟಕ್ಕೆ ಒಬ್ಬರೇ ಹೋಟೆಲಲ್ಲಿ ಕೂರಲು ಸಂಕೋಚವಾದರೆ ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು, ಎಲ್ಲ ಕಡೆ ದೇವಸ್ಥಾನದ ಊಟ ಇದೆ. ಸಾಲಲ್ಲಿ ಕೂತರೆ ಯಾರೂ ಒಬ್ಬರೇ ಅಲ್ಲ. ಮಲೆನಾಡಿನ ಒಳಗೆ ಸಿಗ್ನಲ್ ಇಲ್ಲದೆ ಫೋನ್‌ಪೇ ಆಗುವುದಿಲ್ಲ, ಸಾವಿರ ರೂಪಾಯಿಯ ಚಿಲ್ಲರೆ ನೋಟು ಬೇರೆ ಇಟ್ಟುಕೊಳ್ಳಿ. ಬಿಎಸ್‌ಎನ್‌ಎಲ್ ಸಿಮ್ ಇದ್ದರೆ ಹಾಕಿಕೊಳ್ಳಿ, ಬೇರೆಯದು ಸತ್ತ ಕಡೆ ಅದು ಒಂದೊಂದು ಸಲ ಉಸಿರಾಡುತ್ತದೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಲೈವ್ ಲೊಕೇಷನ್ ಕಳಿಸಬೇಡಿ. ಸಿಗ್ನಲ್ ಹೋಗಿ ಚುಕ್ಕೆ ಒಂದೇ ಕಡೆ ನಿಂತರೆ ಅಮ್ಮ ಊರೆಲ್ಲಾ ಎಬ್ಬಿಸುತ್ತಾರೆ. ನಾನು ಒಂದು ಹಾಳೆಯಲ್ಲಿ ದಿನ, ಊರು, ಉಳಿಯುವ ಜಾಗದ ನಂಬರ್ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ ಹೋದೆ. "ರಾತ್ರಿ ಎಂಟರೊಳಗೆ ಫೋನ್ ಬರುತ್ತದೆ, ಹಗಲು ನೀನು ಮಾಡಬೇಡ" ಅಂತ ಒಪ್ಪಂದ. ಅಮ್ಮ ದಿನಾ ಒಂದೊಂದು ಊರಿಗೆ ಟಿಕ್ ಹಾಕಿದ್ದರು. ಆ ಹಾಳೆ ಇನ್ನೂ ಅಲ್ಲೇ ಇದೆ.

ಆಗುಂಬೆಯಲ್ಲಿ ಮಂಗ ನನ್ನ ಬಿಸ್ಕತ್ ಪ್ಯಾಕ್ ಎತ್ತಿಕೊಂಡು ಹೋಯಿತು. ಬ್ಯಾಗಿನ ಜಿಪ್ ತೆಗೆಯಲು ಅದಕ್ಕೆ ನನಗಿಂತ ಚೆನ್ನಾಗಿ ಬರುತ್ತದೆ.

ಸಕ್ಕರೆನಾಡು_150:

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಹಾಳೆ ಐಡಿಯಾ ಅಮ್ಮನಿಗೆ ಹೇಳಿದೆ, "ನಂಗೆ ಟಿಕ್ ಹಾಕಕ್ಕೆ ಬರಲ್ವಾ?" ಅಂದರು. ಅಂದರೆ ಒಪ್ಪಿಗೆ.

ಆದರೆ ಕಾರವಾರ ಬಿಡಲು ಮನಸ್ಸಾಗುತ್ತಿಲ್ಲ. ಮಂಗಳೂರಿನಿಂದ ಕಾರವಾರ ಅಂದರೆ ಪೂರ್ತಿ ಕರಾವಳಿ ಮಾಡಿದ ಹಾಗೆ ಅಲ್ವಾ? ಹೊನ್ನಾವರಕ್ಕೆ ತಿರುಗಿದರೆ ಅರ್ಧಕ್ಕೆ ಬಿಟ್ಟ ಹಾಗಾಗುತ್ತದೆ. ಇನ್ನೊಂದು, ಘಾಟಿ ಇಳಿಯುವಾಗ ಗಾಡಿಗೆ ಏನಾದರೂ ಮುಂಚೆ ಮಾಡಿಸಬೇಕಾ? ಸರ್ವಿಸ್ ಹೋದ ತಿಂಗಳು ಆಗಿದೆ.

ಕೆಆರ್‌ಪೇಟೆ_ಗ್ಯಾರೇಜ್:

ಸರ್ವಿಸ್ ಆಗಿದೆ ಅಂದರೆ ಆಯಿಲ್ ಬದಲಾಯಿಸಿ ನೀರು ಹೊಡೆದಿದ್ದಾರೆ ಅಂತ ಅರ್ಥ. ಮುಂದಿನ ಬ್ರೇಕಿನ ಎಣ್ಣೆ ಯಾವಾಗ ಬದಲಾಯಿಸಿದ್ದು? ಎಂಟು ವರ್ಷದಲ್ಲಿ ಒಂದು ಸಲವೂ ಇಲ್ಲ, ಹೌದಲ್ವಾ? ಹ್ಯಾಂಡಲ್ ಮೇಲಿನ ಡಬ್ಬಿಯ ಗಾಜಿನಲ್ಲಿ ಬಣ್ಣ ನೋಡಿ. ಹೊಸದು ಹರಳೆಣ್ಣೆಯ ಹಾಗೆ ಇರುತ್ತದೆ. ನಿಮ್ಮದು ಬೆಲ್ಲದ ಪಾಕದ ಬಣ್ಣಕ್ಕೆ ಬಂದಿದ್ದರೆ ಹೊರಡುವ ಮುಂಚೆ ಬದಲಾಯಿಸಿ.

ಯಾಕೆ ಅಂತ ನನ್ನ ಕಥೆಯೇ ಹೇಳುತ್ತೇನೆ. ಗ್ಯಾರೇಜ್ ಇಟ್ಟುಕೊಂಡವನ ಗಾಡಿಗೇ ಗತಿ ಇರಲ್ಲ, ಗೊತ್ತಲ್ಲ. ಹಳೇ ಎಣ್ಣೆಯಲ್ಲೇ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಲಗೇಜ್ ಬೇರೆ, ಚಾರ್ಮಾಡಿ ಇಳಿಯುತ್ತಿದ್ದೆ. ಧರ್ಮಸ್ಥಳಕ್ಕೆ. ನಾಲ್ಕನೇ ಗೇರಿನಲ್ಲಿ ಇಳಿಯುತ್ತಾ ಮುಂದಿನ ಬ್ರೇಕ್ ಮೇಲೆ ಎರಡು ಬೆರಳು ಒತ್ತಿಕೊಂಡೇ ಇದ್ದೆ. ಐದಾರು ತಿರುವು ಆದ ಮೇಲೆ ಲಿವರ್ ಮೆತ್ತಗಾಯಿತು. ಆಮೇಲಿನ ತಿರುವಿನಲ್ಲಿ ಒತ್ತಿದೆ, ಹ್ಯಾಂಡಲ್‌ಗೆ ಹೋಗಿ ತಾಗಿತು, ಗಾಡಿ ನಿಲ್ಲಲಿಲ್ಲ. ಹಿಂದಿನ ಬ್ರೇಕ್ ಮೇಲೆ ನಿಂತು, ಗೇರ್ ಎರಡು, ಒಂದು ಅಂತ ಒದ್ದು, ಗುಡ್ಡದ ಕಡೆಯ ಚರಂಡಿಗೆ ಇಳಿಸಿದೆ. ಏನೂ ಆಗಲಿಲ್ಲ, ಹೆಂಡತಿ ಧರ್ಮಸ್ಥಳದವರೆಗೆ ಮಾತಾಡಲಿಲ್ಲ ಅಷ್ಟೇ.

ಏನಾಗುತ್ತದೆ ಅಂದರೆ, ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ವರ್ಷ ಕಳೆದಂತೆ ಅದರೊಳಗೆ ನೀರು ಜಾಸ್ತಿ. ಡಿಸ್ಕ್ ಕಾದಾಗ ಆ ಎಣ್ಣೆ ಬೇಗ ಕುದಿದು ಗುಳ್ಳೆ ಬರುತ್ತದೆ. ನೀವು ಒತ್ತುವುದು ಎಣ್ಣೆಯನ್ನಲ್ಲ, ಗುಳ್ಳೆಯನ್ನು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು. ಹಾಗೇನಾದರೂ ಆದರೆ ಇಪ್ಪತ್ತು ನಿಮಿಷ ನಿಲ್ಲಿಸಿ, ತಾನಾಗೇ ತಣ್ಣಗಾದರೆ ಲಿವರ್ ಗಟ್ಟಿಯಾಗುತ್ತದೆ. ಕಾದ ಡಿಸ್ಕಿಗೆ ಬಾಟಲಿ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.

ಇಳಿಯುವುದಕ್ಕೆ ಒಂದೇ ಲೆಕ್ಕ, ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಬ್ರೇಕ್ ತಿರುವಿನ ಮುಂಚೆ ಒತ್ತಿ, ಬಿಡಿ.

ಇನ್ನೊಂದು ಉಪಾಯ. ಹೊಸ ಕ್ಲಚ್ ಕೇಬಲ್ ತಗೊಂಡು ಬ್ಯಾಗಲ್ಲಿ ಇಡಬೇಡಿ. ಹಳೇ ಕೇಬಲ್ ಪಕ್ಕದಲ್ಲೇ ಅದರ ದಾರಿಯಲ್ಲೇ ಹಾಯಿಸಿ ಟೇಪ್ ಸುತ್ತಿಸಿಬಿಡಿ. ಕಿತ್ತರೆ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು, ಟ್ಯಾಂಕ್ ಬಿಚ್ಚಬೇಕಾಗಿಲ್ಲ. ಬಟ್ಟೆ ನೆನೆಯದಿರಲು ದುಡ್ಡು ಕೊಟ್ಟು ಕವರ್ ತಗೊಳ್ಳಬೇಡಿ, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ತೊಳೆದು ಬ್ಯಾಗೊಳಗೆ ಹಾಕಿ. ಕಟ್ಟಲು ಹಳೇ ಟ್ಯೂಬ್ ಸೀಳಿದ ಪಟ್ಟಿ. ಉಪ್ಪಿನ ಗಾಳಿಗೆ ಚೈನ್ ಎರಡೇ ದಿನದಲ್ಲಿ ಕೆಂಪಾಗುತ್ತದೆ, ದಿನಾ ರಾತ್ರಿ ಬಿಸಿ ಇರುವಾಗಲೇ ಎಣ್ಣೆ ಬಿಡಿ. ಮರಳಿನ ಮೇಲೆ ಬೈಕ್ ಇಳಿಸಬೇಡಿ. ಫೋಟೋ ಚೆನ್ನಾಗಿರುತ್ತದೆ, ಆಮೇಲೆ ಬೇರಿಂಗ್ ಬಿಚ್ಚುವವನು ನಾನು.

ಶಿರಾಡಿಯನ್ನು ಯೆಜ್ಡಿ ಅಣ್ಣ ಸುಮ್ನೆ ಬೈದರು. ಮಂಡ್ಯದಿಂದ ಪಾಂಡವಪುರ, ನಮ್ಮ ಕೆ.ಆರ್. ಪೇಟೆ, ಚನ್ನರಾಯಪಟ್ಟಣ, ಹಾಸನ ಮೇಲೆ ಹೋದರೆ ಮೈಸೂರು ಗಲಾಟೆಯೇ ಇಲ್ಲ. ದಾರಿಯಲ್ಲಿ ನನ್ನ ಗ್ಯಾರೇಜೂ ಸಿಗುತ್ತದೆ.

ರೋಡ್‌ಕಿಂಗ್_ಮೈಸೂರು:

ಗ್ಯಾರೇಜ್ ಸಿಗುತ್ತದೆ ಅನ್ನುವುದಕ್ಕೆ ಶಿರಾಡಿ ಒಳ್ಳೆಯ ರಸ್ತೆ ಆಗಿಬಿಡುತ್ತಾ? ಸಕಲೇಶಪುರದಿಂದ ಮುಂದೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆಯಿಂದ ನಡೆಯುತ್ತಾ ಇದೆ. ನಾನು ಸಂಪಾಜೆಯೇ ಅನ್ನುತ್ತೇನೆ. ಆನೆಕಾಡಿನ ಹತ್ತಿರ, ಅಂದರೆ ಕುಶಾಲನಗರ ದಾಟಿದ ಮೇಲೆ, ಮುಂಜಾನೆ ಕತ್ತಲಲ್ಲಿ ಹೋಗಬೇಡ. ಹೆಸರಲ್ಲೇ ಇದೆಯಲ್ಲ.

ಗೇರ್ ಬಗ್ಗೆ ಅವರು ಹೇಳಿದ್ದು ನಿನಗೆ ಸರಿ. ನನ್ನಂಥ ಟೂ ಸ್ಟ್ರೋಕ್ ಇರುವವರು ಓದುತ್ತಿದ್ದರೆ ಒಂದು ಮಾತು. ನಮ್ಮ ಗಾಡಿಗೆ ಪೆಟ್ರೋಲ್ ಜೊತೆಯಲ್ಲೇ ಎಣ್ಣೆ ಹೋಗುವುದು. ಥ್ರಾಟಲ್ ಪೂರ್ತಿ ಮುಚ್ಚಿಕೊಂಡು ಗೇರಿನಲ್ಲೇ ಉದ್ದಕ್ಕೆ ಇಳಿದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ, ಪಿಸ್ಟನ್ ಒಣಗುತ್ತದೆ. ಆಗಾಗ ಕ್ಲಚ್ ಹಿಡಿದು ಒಂದು ಸಲ ಉಸಿರು ಕೊಡಬೇಕು. ಇದನ್ನು ಒಂದು ಪಿಸ್ಟನ್ ಸುಟ್ಟುಕೊಂಡು ಕಲಿತದ್ದು.

ಕಾರವಾರಕ್ಕೆ ಹೋದರೆ ಯಾರೂ ಸರ್ಟಿಫಿಕೇಟ್ ಕೊಡಲ್ಲ ಕಣೋ. ಹೋಗಬೇಕು ಅನ್ನಿಸಿದರೆ ಹೊನ್ನಾವರದಲ್ಲಿ ಬೆಳಿಗ್ಗೆ ಎದ್ದಾಗ ತೀರ್ಮಾನ ಮಾಡು, ಇಲ್ಲಿ ಕೂತು ಮಾಡಬೇಡ. ಸಾಗರಕ್ಕೆ ಬಂದರೆ ಸಿಗಂದೂರು ಸೇತುವೆ ಮೇಲೆ ಹೋಗು. 2025ರ ಜುಲೈನಲ್ಲಿ ಶುರುವಾಯಿತು, 2.44 ಕಿ.ಮೀ. ಇದೆ. ಮೊದಲು ಲಾಂಚಿನಲ್ಲಿ ಯೆಜ್ಡಿ ಹಾಕಿಕೊಂಡು ದಾಟುತ್ತಿದ್ದೆ.

ಸಕ್ಕರೆನಾಡು_150:

ನಿನ್ನೆ ರಾತ್ರಿ ಮನೆಗೆ ಬಂದೆ. 1,060 ಕಿ.ಮೀ. ಆಯಿತು. ಪಾಂಡವಪುರದ ಮೇಲೆ ಹೋಗಲಿಲ್ಲ, ಸಂಪಾಜೆಯಲ್ಲೇ ಇಳಿದೆ, ಗ್ಯಾರೇಜ್ ಅಣ್ಣ ಬೇಜಾರು ಮಾಡಿಕೊಳ್ಳಬೇಡಿ. ಬ್ರೇಕ್ ಎಣ್ಣೆ ಇಲ್ಲೇ ಬದಲಾಯಿಸಿದೆ. ಬಣ್ಣ ನೀವು ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು, ಕಾಫಿ ಡಿಕಾಕ್ಷನ್.

ಕೋಡಿ ಬೆಂಗ್ರೆಗೆ ಹೋದೆ. ಅರ್ಧ ಗಂಟೆ ಅಂತ ಹೋದವನು ಮಧ್ಯಾಹ್ನದವರೆಗೆ ಅಲ್ಲೇ ಇದ್ದೆ. ಒಬ್ಬರು ಅಜ್ಜಿ ಮೀನು ಒಣಹಾಕುತ್ತಾ ಎಲ್ಲಿಂದ ಬಂದದ್ದು ಅಂದರು. ಮಂಡ್ಯ ಅಂದೆ. "ಕಾವೇರಿ ನೀರಿಗೆ ರಸ್ತೆ ಮೇಲೆ ಮಲಗ್ತಾರಲ್ಲ, ಆ ಮಂಡ್ಯವಾ?" ಅಂದರು. ಹೌದು ಅಂದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ ತೋರಿಸಿ, "ಇಲ್ಲಿ ಎಲ್ಲಾ ಕಡೆ ನೀರೇ, ಕುಡಿಯುವುದಕ್ಕೆ ಮಾತ್ರ ಕಷ್ಟ" ಅಂತ ನಕ್ಕರು. ಹೊರಡುವಾಗ ಬೈಕಿನ ಟ್ಯಾಂಕ್ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇರುವುದನ್ನು ನೋಡಿ, "ಒರೆಸಬೇಡ" ಅಂದರು.

ಯೆಜ್ಡಿ ಅಣ್ಣ ಹೇಳಿದ ಖಾಲಿ ಕುರ್ಚಿ ಉಡುಪಿಯಲ್ಲೇ ಸಿಕ್ಕಿತು. ಎರಡನೇ ದಿನವೇ, ಊಟಕ್ಕೇ. ಫೋನ್ ತೆಗೆದು ಆ ಮೂರೂ ಜನಕ್ಕೆ ಬಾಳೆ ಎಲೆಯ ಫೋಟೋ ಕಳಿಸಿದೆ. ಫೋನ್ ಎತ್ತದವನು ಆಗ ಉತ್ತರ ಕೊಟ್ಟ.

ಹೊನ್ನಾವರದಲ್ಲಿ ಬೆಳಿಗ್ಗೆ ಎದ್ದು ಬಲಕ್ಕೇ ತಿರುಗಿದೆ. ಕಾರವಾರದ ನೆನಪು ಜೋಗ ಬರುವವರೆಗೆ ಬರಲಿಲ್ಲ. ಸಿಂಗಳೀಕ ಕಾಣಲಿಲ್ಲ.

ಹೆಚ್ಚು ಹೊತ್ತು ತಲೆಯಲ್ಲಿ ಉಳಿದದ್ದು ಸಿಗಂದೂರು. ಸೇತುವೆ ದಾಟಿ ತುಮರಿಯಲ್ಲಿ ಚಾ ಕುಡಿಯುತ್ತಿದ್ದಾಗ ಅಂಗಡಿಯವರು ಲಾಂಚಿನ ಕಾಲದ ಮಾತು ಹೇಳಿದರು. ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ದಡದಲ್ಲಿ ಕೂತು ಬೆಳಗು ಕಾಯುತ್ತಿದ್ದರಂತೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ, ಸೇತುವೆ ಬಂದದ್ದು ಈಗ. ನಾವು ಚಿಕ್ಕಂದಿನಿಂದ ಕೇಳಿದ್ದು ಕಟ್ಟೆ ಕಟ್ಟಿದರು, ನೀರು ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು ಅನ್ನುವ ಕಥೆ. ಅಲ್ಲಿ ಕಟ್ಟೆ ಅಂದರೆ ಊರು ಹೋಯಿತು ಅನ್ನುವ ಕಥೆ. ಹಳೇ ಕನ್ನಂಬಾಡಿಯೂ ಮುಳುಗಿದ್ದೇ ಅಲ್ವಾ, ಅದು ನನಗೆ ಅಲ್ಲಿ ಕೂತಾಗ ನೆನಪಾಯಿತು. ಮಂಡ್ಯದವನು ಅಂತ ಅವರಿಗೆ ಹೇಳಲು ಯಾಕೋ ಸ್ವಲ್ಪ ತಡವಾಯಿತು.

ಆಮೇಲೆ ನಗರ ಅನ್ನುವ ಊರಿನ ಕೋಟೆ, ತೀರ್ಥಹಳ್ಳಿ, ಆಗುಂಬೆ. ಸೂರ್ಯಾಸ್ತ ನೋಡಲು ಹೋದರೆ ಮಧ್ಯಾಹ್ನ ಮೂರಕ್ಕೇ ಮೋಡ ಕವಿದು ಗುಡುಗಿ ಮಳೆ ಹೊಡೆಯಿತು. ಗೊಬ್ಬರದ ಪ್ಲಾಸ್ಟಿಕ್ ಒಂದು ಬಟ್ಟೆಯನ್ನೂ ನೆನೆಯಲು ಬಿಡಲಿಲ್ಲ. ಹಾಕಿಕೊಂಡಿದ್ದ ಬಟ್ಟೆ ಮಾತ್ರ ಶೃಂಗೇರಿಯವರೆಗೆ ಮೈಮೇಲೇ ಒಣಗಿತು. ಲಾಡ್ಜಿನವರಿಗೆ ಮೂರೂ ಮಾತು ಹೇಳಿದೆ, ಎಲ್ಲೂ ಇಲ್ಲ ಅನ್ನಲಿಲ್ಲ. ಅಮ್ಮ ಐದು ಟಿಕ್ ಹಾಕಿದ್ದಾರೆ, ಆರನೆಯದು ನಾನು ಬಾಗಿಲಲ್ಲಿ ಹೆಲ್ಮೆಟ್ ತೆಗೆದ ಮೇಲೆ ಹಾಕಿದರು. ಮುದ್ದೆ, ಬಸ್ಸಾರು ಮಾಡಿದ್ದರು.

ಒಂದು ಪ್ರಶ್ನೆ ಉಳಿದಿದೆ. ಚಿಕ್ಕಮಗಳೂರು ದಾಟಿದ ಮೇಲಿಂದ ಹಿಂದೆ ಟಕ್ ಟಕ್ ಅಂತ ಶಬ್ದ, ವೇಗ ಜಾಸ್ತಿ ಮಾಡಿದರೆ ಜಾಸ್ತಿ, ಕ್ಲಚ್ ಹಿಡಿದರೂ ಹೋಗಲ್ಲ. ಚೈನಾ?

ಕೆಆರ್‌ಪೇಟೆ_ಗ್ಯಾರೇಜ್:

ದಿನಾ ರಾತ್ರಿ ಎಣ್ಣೆ ಬಿಟ್ಟಿರಾ, ನಿಜ ಹೇಳಿ.

ಸಕ್ಕರೆನಾಡು_150:

ಮೂರು ರಾತ್ರಿ ಬಿಟ್ಟೆ.

ಕೆಆರ್‌ಪೇಟೆ_ಗ್ಯಾರೇಜ್:

ಭಾನುವಾರ ತಗೊಂಡು ಬನ್ನಿ. ನಿಧಾನಕ್ಕೆ ಬನ್ನಿ.